ಪುಕ್ಕಟೆ ಶಿಶುವಿಹಾರ ಮತ್ತು ಮೂವತ್ತು ತಟ್ಟೆ

ನಮ್ಮ ರಿಶ್ತಾನಿನ ಕುಂಬಾರ ಮೇಸ್ತ್ರಿ ನೋಸಿರ್ ಉಸ್ತಾ ಅಂದು ತಿಗರಿಯ ಮುಂದಿನಿಂದ ಎದ್ದು ಮನೆಯೊಳಕ್ಕೆ ಓಡಿದ್ದನ್ನು ಕಂಡವರು ಅವನ ಆವಿಗೆಗೆ ಬೆಂಕಿ ಬಿದ್ದಿದೆ ಎಂದುಕೊಂಡರು. (ಕುಂಬಾರ ಮಡಕೆ ಸುಡುವ ಆವಿಗೆಯಲ್ಲಿ ಬೆಂಕಿ ಇರುವುದು ಗಾಬರಿಪಡುವ ವಿಷಯವಲ್ಲ ಎಂದು ಹೊಳೆಯುವಷ್ಟರಲ್ಲಿ ನಮ್ಮ ಬೀದಿಯ ಇಬ್ಬರು ನೀರಿನ ಬಕೆಟ್ ಹಿಡಿದು ಬಂದಾಗಿತ್ತು.) ಮೊಣಕೈವರೆಗೆ ಜೇಡಿಮಣ್ಣು, ತಲೆಯ ಮೇಲೆ ಓರೆಯಾದ ಟೋಪಿ, ಎರಡು ಬೆರಳ ತುದಿಯಲ್ಲಿ ಮೊಹಲ್ಲಾ ಕಚೇರಿಯಿಂದ ಬಂದ ಒಂದು ಕಾಗದ.

“ಹನೀಫಾ! ಲೇ ಹನೀಫಾ! ಟ್ರಂಕ್ ತೆಗಿ! ನಿನ್ನ ಸರ್ಟಿಫಿಕೇಟ್ ಹುಡುಕು!”

ಅವನ ಹೆಂಡತಿ ಹನೀಫಾ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಕೂತು ಹಿಟ್ಟು ನಾದುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

“ಯಾಕೆ, ಮಾರ್ತೀರಾ?”

“ಸರ್ಕಾರ ದುಡ್ಡು ಕೊಡುತ್ತಂತೆ ಕಣೇ! ಮನೇಲೇ ಶಿಶುವಿಹಾರ ತೆರೆದ್ರೆ ಟೀಚರ್ ಸಂಬಳ ಸರ್ಕಾರದ್ದು. ಚಿಕ್ಕ ಕುರ್ಚಿ ಸರ್ಕಾರದ್ದು. ಮಕ್ಕಳ ಊಟ ಸರ್ಕಾರದ್ದು. ತಂದೆತಾಯಿ ಒಂದು ಸೋಮ್ ಕೂಡ ಕೊಡಂಗಿಲ್ಲ. ಪೂರ್ತಿ ಪುಕ್ಕಟೆ! ಟೀಚರ್ ಹತ್ರ ಸರ್ಟಿಫಿಕೇಟ್ ಇದ್ರೆ ಸಾಕು!”

ಹಿಟ್ಟಿನಲ್ಲಿದ್ದ ಕೈ ನಿಂತಿತು.

ಹನೀಫಾ ಮದುವೆಗೆ ಮುಂಚೆ ಫರ್ಗಾನಾ ಪಟ್ಟಣದಲ್ಲಿ ಶಿಶು ಶಿಕ್ಷಕಿಯಾಗಲು ಓದಿದವಳು. ಹತ್ತಿ ಹೊಲದವರ ಶಿಶುವಿಹಾರದಲ್ಲಿ ಹನ್ನೊಂದು ತಿಂಗಳು ಪಾಠವನ್ನೂ ಮಾಡಿದ್ದಳು. ಆಮೇಲೆ ಅದು ಮುಚ್ಚಿತು. ಮಕ್ಕಳು ಕೂರುತ್ತಿದ್ದ ಕೋಣೆಯಲ್ಲಿ ಹತ್ತಿಬೀಜದ ಮೂಟೆ ಕೂತವು. ಅಂದಿನಿಂದ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ ನುಸಿಗುಳಿಗೆಗಳ ಜೊತೆ ಸಂಸಾರ ಮಾಡುತ್ತಿತ್ತು. ವರ್ಷಕ್ಕೊಮ್ಮೆ ರಜಾಯಿ ಬಿಸಿಲಿಗೆ ಹಾಕುವಾಗ ಅವಳು ಅದನ್ನು ತೆಗೆದು, ಒಂದು ಸಲ ಪೂರ್ತಿ ಓದಿ, ಮತ್ತೆ ಮಡಿಸಿಡುತ್ತಿದ್ದಳು. ನೋಸಿರ್ ಉಸ್ತಾ ಇದನ್ನು ಮೂವತ್ತು ವರ್ಷದಿಂದ ನೋಡುತ್ತಿದ್ದ. ಏನೂ ಹೇಳಿರಲಿಲ್ಲ. ಹೇಳಲು ಅವನ ಹತ್ತಿರ ಏನೂ ಇರಲಿಲ್ಲ. ಈಗ ಇತ್ತು.

“ನೋಡಿ, ಇದು ಸುಳ್ಳಾದ್ರೆ ಈ ಹಿಟ್ಟೆಲ್ಲ ನಿಮ್ಮ ತಲೆಗೇ,” ಎಂದಳು ಹನೀಫಾ. ಆದರೆ ಹೇಳುವಷ್ಟರಲ್ಲಿ ಅವಳು ಎದ್ದು ಟ್ರಂಕಿನ ಕಡೆಗೆ ಹೊರಟಾಗಿತ್ತು, ಹಿಟ್ಟಿನ ಕೈಯಲ್ಲೇ.

ಸುಳ್ಳಾಗಲಿಲ್ಲ. ಎರಡು ತಿಂಗಳಲ್ಲಿ ಅವರ ಮನೆಯ ಎರಡು ಕೋಣೆಗೆ ಹೊಸ ಸುಣ್ಣ ಬಂತು. ಹದಿನೈದು ಚಿಕ್ಕ ಕುರ್ಚಿ, ಹದಿನೈದು ಚಿಕ್ಕ ಮಂಚ, ಒಂದು ಪೆಟ್ಟಿಗೆ ತುಂಬ ಬಣ್ಣದ ಕಡ್ಡಿ ಬಂದವು. ಬೀದಿಯ ಗೇಟಿನ ಮೇಲೆ ಬೋರ್ಡು ಏರಿತು. ಬೋರ್ಡು ಹೊಡೆದವನು ನೋಸಿರ್ ಉಸ್ತಾನೇ. ನಾಲ್ಕು ಮೊಳೆ ಸಾಕಿತ್ತು, ಹನ್ನೊಂದು ಹೊಡೆದ. ಚಹಾದಂಗಡಿಯ ಕಟ್ಟೆಯಲ್ಲಿ ಕೂತು, “ನಮ್ಮ ಶಿಶುವಿಹಾರ,” “ನಾನು ಶಿಶುವಿಹಾರ ಶುರು ಮಾಡಿದಾಗ,” ಎಂದೆಲ್ಲ ಮಾತು ಆರಂಭಿಸತೊಡಗಿದ. ಶಿಶುವಿಹಾರ ಆಗ ಇನ್ನೂ ಶುರುವೇ ಆಗಿರಲಿಲ್ಲ.

ಶುರುವಾಗುವ ಹಿಂದಿನ ದಿನ ಜಿಲ್ಲಾ ಕಚೇರಿಯಿಂದ ತಪಾಸಣೆಯ ಮಸ್ತೂರಾ ಮೇಡಂ ಬಂದರು. ಎತ್ತರದ ಹೆಂಗಸು, ದಪ್ಪ ಕನ್ನಡಕ. ಅವರು ಅಂಗಳದಲ್ಲಿ ನಿಂತು ನಿಯಮಗಳನ್ನು ಓದಿದರು.

“ತಂದೆತಾಯಿಗಳಿಂದ ದುಡ್ಡು ತಗೋಬಾರ್ದು. ವಸ್ತು ತಗೋಬಾರ್ದು. ತಿಂಡಿ ತಗೋಬಾರ್ದು.”

“ಸಂಸಾ?” ಎಂದ ನೋಸಿರ್ ಉಸ್ತಾ. ವಿಷಯ ಸ್ಪಷ್ಟವಾಗಿರಲಿ ಎಂದು.

“ಸಂಸಾ ತಿಂಡಿ ಅಲ್ವಾ ಉಸ್ತಾ?”

“ತಿಂಡೀನೇ ಮೇಡಂ. ಸುಮ್ನೆ ಕೇಳ್ದೆ.”

“ಇವತ್ತು ಒಬ್ಬ ತಾಯಿ ಟೀಚರಿಗೆ ಸಂಸಾ ತರ್ತಾಳೆ. ನಾಳೆ ತರೋಕಾಗದ ತಾಯಿ ಮಗು ಮೂಲೇಲಿ ಕೂರುತ್ತೆ. ಪುಕ್ಕಟೆ ಅಂದ್ರೆ ಪುಕ್ಕಟೆ. ಗೊತ್ತಾದ್ರೆ ಅವತ್ತೇ ಬೋರ್ಡ್ ಇಳಿಸ್ತೀವಿ.”

ಹನೀಫಾ ಆ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದಳು.

ಮೊದಲ ದಿನ ಹದಿನೈದು ಮಕ್ಕಳು ಬಂದವು. ಒಂಬತ್ತು ಅತ್ತವು, ನಾಲ್ಕು ಓಡಿಹೋಗಲು ನೋಡಿದವು, ಒಂದು ನಿದ್ದೆಹೋಯಿತು. ಸೆವಾರಾ ಎಂಬ ಒಂದು ಪುಟ್ಟ ಹುಡುಗಿ ಮಾತ್ರ ಬಣ್ಣದ ಕಡ್ಡಿಯ ಪೆಟ್ಟಿಗೆಯ ಮುಂದೆ ಕೂತು, ಒಂದೊಂದನ್ನೂ ಮೂಸಿ ನೋಡಿ, ಸಂಜೆಯವರೆಗೆ ಏಳಲೇ ಇಲ್ಲ. ಹನೀಫಾಳ ಗಂಟಲು ಕಟ್ಟಿತು, ಕಾಲು ಊದಿಕೊಂಡಿತು. ಊಟಕ್ಕೆ ಕೂತಾಗ ಅವಳು ಒಬ್ಬಳೇ ನಗುತ್ತಿದ್ದಳು.

“ಏನೇ ನಗ್ತೀಯ?”

“ಹದಿನೈದು ಜನ ರೀ!” ಎಂದಳು. ಅಷ್ಟೇ.

ಎರಡನೆಯ ದಿನ ಬೆಳಿಗ್ಗೆ ಪಕ್ಕದ ಬೀದಿಯ ಗುಲ್ಚೆಹ್ರಾ ಮಗನ ಕೈ ಹಿಡಿದು ಗೇಟಿಗೆ ಬಂದಳು. ಇನ್ನೊಂದು ಕೈಯಲ್ಲಿ ಬಿಳಿ ಬಟ್ಟೆ ಮುಚ್ಚಿದ ತಟ್ಟೆ.

“ಬೇಡ ಕಣಮ್ಮ, ನಿಯಮದಲ್ಲಿ ಇಲ್ಲ,” ಎಂದಳು ಹನೀಫಾ.

“ಅಕ್ಕಾ, ನಾನೇನು ಫೀಸ್ ಕೊಡ್ತಿದ್ದೀನಾ? ಕುಂಬಳಕಾಯಿ ಸಂಸಾ ಅಷ್ಟೆ.”

“ಸರ್ಕಾರ ಎಲ್ಲಾ ಕೊಡುತ್ತಮ್ಮ.”

“ಸರ್ಕಾರ ಕೊಡುತ್ತೆ, ಸರಿ. ನನ್ನ ಮಗನ ಮೂಗು ಒರೆಸೋದು ಸರ್ಕಾರನಾ? ನೀವು ತಾನೆ?”

ಹನೀಫಾ ಏನು ಹೇಳಿದರೂ ತಟ್ಟೆ ಮುಂದೆಯೇ ಬಂತು. ಕೊನೆಗೆ ಅವಳು ಹುಡುಗನನ್ನು ಒಳಗೆ ಬಿಟ್ಟುಕೊಂಡು ಗೇಟು ಹಾಕಿಕೊಂಡಳು. ಗುಲ್ಚೆಹ್ರಾ ಬೀದಿಯಲ್ಲಿ ತಟ್ಟೆ ಹಿಡಿದು ನಿಂತಳು, ಮುಖ ಕೆಂಪಾಗಿ. ಕೊಟ್ಟ ತಿಂಡಿಯನ್ನು ಹಿಂದಕ್ಕೆ ಹೊತ್ತು ನಡೆಯುವುದೆಂದರೆ ನಮ್ಮ ರಿಶ್ತಾನಿನಲ್ಲಿ ಸಣ್ಣ ಮಾತಲ್ಲ. ಎದುರಿಗೆ ಸಿಕ್ಕವರೆಲ್ಲ ತಟ್ಟೆಯನ್ನು ನೋಡುತ್ತಾರೆ.

ಇದನ್ನೆಲ್ಲ ನೋಸಿರ್ ಉಸ್ತಾ ಕೆಲಸದ ಕೋಣೆಯ ಕಿಟಕಿಯಿಂದ ನೋಡಿದ. ಅವನಿಗೆ ಕರುಳು ಚುರುಕ್ಕೆಂದಿತು. (ಬಟ್ಟೆಯಡಿಯಿಂದ ಆವಿ ಏಳುತ್ತಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು.) ಅವನ ಕೆಲಸದ ಕೋಣೆಗೆ ಹಿಂದಿನ ಓಣಿಗೆ ತೆರೆಯುವ ಬೇರೆ ಬಾಗಿಲು ಇತ್ತು. ಅಲ್ಲಿಂದ ಹೊರಟು, ಬೀದಿ ಸುತ್ತಿ, ಅವಳ ಮುಂದೆ ಬಂದು ನಿಂತ.

“ಆ ಬಾಗಿಲು ಸರ್ಕಾರದ್ದು ತಂಗಿ. ಈ ಓಣಿ ಬಾಗಿಲು ನಂದು. ನೀನು ಟೀಚರಿಗೆ ಕೊಡ್ಬೇಡ. ನೆರೆಮನೆ ಕುಂಬಾರನಿಗೆ ಕೊಡು. ಅದಕ್ಕೆ ಯಾವ ನಿಯಮ ಇದೆ?”

ಗುಲ್ಚೆಹ್ರಾಳ ಮುಖ ಅರಳಿತು. ಉಸ್ತಾ ಆರು ಸಂಸಾ ತಿಂದ. ತನ್ನ ಬುದ್ಧಿಗೆ ತಾನೇ ಬೆರಗಾಗುತ್ತ ಬೆರಳು ಚೀಪಿಕೊಂಡ. ಆಮೇಲೆ ತಟ್ಟೆ ನೋಡಿದ. ತಟ್ಟೆ ಖಾಲಿಯಾಗಿತ್ತು.

ನಮ್ಮಲ್ಲಿ ತುಂಬಿ ಬಂದ ತಟ್ಟೆ ಖಾಲಿ ಹೋಗುವುದಿಲ್ಲ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಉಸಿರಾಡುವುದನ್ನು ಕಲಿಸದಿರುವ ಹಾಗೆ. ನಮ್ಮ ಬೀದಿಯ ಇಬ್ಬರು ವಾರಗಿತ್ತಿಯರು ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದಾರೆ. ಅವರು ಕೂಡ, ಮುಖ ಆ ಕಡೆಗೆ ತಿರುಗಿಸಿಕೊಂಡೇ, ಒಬ್ಬರ ತಟ್ಟೆಗೆ ಇನ್ನೊಬ್ಬರು ಒಂದು ಹಿಡಿ ಒಣದ್ರಾಕ್ಷಿ ಹಾಕಿ ನಡುಗೋಡೆಯ ಮೇಲೆ ಇಟ್ಟು ಹೋಗುತ್ತಾರೆ.

ಉಸ್ತಾ ಉಗ್ರಾಣಕ್ಕೆ ಹೋಗಿ ಎರಡು ಹಿಡಿ ಅಕ್ರೋಟು ತಂದು ತಟ್ಟೆ ತುಂಬಿ ಕಳಿಸಿದ. ವಿಷಯ ಮುಗಿಯಿತು ಎಂದುಕೊಂಡ.

ಮರುದಿನ ಓಣಿ ಬಾಗಿಲಿಗೆ ಮೂರು ತಟ್ಟೆ ಬಂದವು. ಅದರ ಮರುದಿನ ಏಳು. ವಾರ ಮುಗಿಯುವಷ್ಟರಲ್ಲಿ ಹದಿನೈದು. ಎಲ್ಲರ ಬಾಯಲ್ಲೂ ಅದೇ ಮಾತು: ಹನೀಫಾ ಅಕ್ಕ ಸುಮ್ಮಸುಮ್ಮನೆ ನಮ್ಮ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರೆ ನಾವು ಮುಖ ಎಲ್ಲಿಟ್ಟುಕೊಳ್ಳುವುದು? ಪಲಾವು ಬಂತು, ಹಲ್ವಾ ಬಂತು, ಆವಿಯಲ್ಲಿ ಬೇಯಿಸಿದ ಕಡುಬು ಬಂತು. ಮನೆಯ ತಂದೂರಿನ ರೊಟ್ಟಿ ಬಂತು. ಹಳೆಯ ತಟ್ಟೆ ತುಂಬಿ ಕಳಿಸಿದರೆ ಅದೇ ತಟ್ಟೆ ಮರುದಿನ ಮತ್ತೆ ತುಂಬಿ ಬರುತ್ತಿತ್ತು, ಈ ಸಲ ಇನ್ನೂ ಎತ್ತರಕ್ಕೆ. ಕಂಡವರು ಸುಮ್ಮನಿರುವ ಊರು ನಮ್ಮದಲ್ಲ. “ಅವಳ ತಟ್ಟೆಗೆ ಅಕ್ರೋಟು ಹಾಕಿದ್ರಂತೆ ಉಸ್ತಾ ಮಾವ, ನಮ್ಮದಕ್ಕೆ ಬರೀ ಒಣ ಜರ್ದಾಳು,” ಎಂದು ಒಬ್ಬಳು ಬಾಗಿಲಲ್ಲೇ ಕೇಳಿದಳು.

ಉಗ್ರಾಣ ಕರಗತೊಡಗಿತು. ಅಕ್ರೋಟಿನ ಮೂಟೆ ಕುಸಿಯಿತು. ಹನೀಫಾ ಅದನ್ನು ನೋಡಿ, “ಇಲಿ ಸೇರ್ಕೊಂಡಿದೆ ರೀ,” ಎಂದಳು. ಉಸ್ತಾ “ಹೌದು, ದೊಡ್ಡ ಇಲಿ,” ಎಂದ. ಅವಳು ಮೂಟೆಯೊಳಗೆ ಬೋನು ಇಟ್ಟಳು. ಮರುದಿನ ಬೆಳಿಗ್ಗೆ ಉಸ್ತಾನ ನಡುಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

“ಏನ್ರೀ ಅದು?”

“ತಿಗರಿ ಕಚ್ಚಿತು.”

“ಮೂವತ್ತೈದು ವರ್ಷ ಕಚ್ಚದ್ದು ಈಗ ಕಚ್ಚಿತಾ?”

“ಅದಕ್ಕೂ ವಯಸ್ಸಾಯ್ತಲ್ಲ,” ಎಂದ ಉಸ್ತಾ.

ಅವನು ರಾತ್ರಿಯೂಟ ಮಾಡುವುದು ನಿಂತಿತ್ತು. ಹಗಲೆಲ್ಲ ಹದಿನೈದು ಮನೆಯ ಅಡುಗೆಯ ರುಚಿ ನೋಡಿದವನಿಗೆ ಹದಿನಾರನೆಯದು ಎಲ್ಲಿ ಹೋದೀತು? ಗಂಡನಿಗೆ ಜಠರಾಗ್ನಿ ಮಂದವಾಗಿದೆ ಎಂದು ಹನೀಫಾ ಕಹಿ ಬೇರಿನ ಕಷಾಯ ಕುದಿಸಿದಳು. ಅದನ್ನು ಅವಳ ಕಣ್ಣೆದುರೇ ಕುಡಿಯಬೇಕಾಯಿತು.

ಉಗ್ರಾಣ ಖಾಲಿಯಾದಾಗ ಉಸ್ತಾನಿಗೆ ಮೊದಲನೆಯ ಯುಕ್ತಿ ಹೊಳೆಯಿತು. ಇವಳ ಹಲ್ವಾವನ್ನು ಅವಳ ತಟ್ಟೆಗೆ, ಅವಳ ಕಡುಬನ್ನು ಮತ್ತೊಬ್ಬಳ ತಟ್ಟೆಗೆ ಹಾಕಿದರಾಯಿತು! ಆಹಾ, ತನ್ನ ಮನೆಯಿಂದ ಒಂದು ಕಾಳೂ ಹೋಗುವುದಿಲ್ಲ. ಈ ಮಹಾಯಂತ್ರ ನಾಲ್ಕು ದಿನ ಸೊಗಸಾಗಿ ತಿರುಗಿತು. ಐದನೆಯ ದಿನ ಕರೋಮತ್ ಎಂಬ ತಾಯಿ ಓಣಿ ಬಾಗಿಲನ್ನು ಬಡಿದಳು. ಅವಳ ಕೈಯಲ್ಲಿ ಒಂದು ರೊಟ್ಟಿ ಇತ್ತು.

“ಉಸ್ತಾ ಮಾವ, ಇದ್ಯಾರ ರೊಟ್ಟಿ?”

“ನಮ್ಮನೇದು ಕಣಮ್ಮ. ಹನೀಫಾ ಪ್ರೀತಿಯಿಂದ ಸುಟ್ಟಿದ್ದು.”

“ಹೌದಾ?” ಕರೋಮತ್ ರೊಟ್ಟಿಯ ನಡುವಿನ ಅಚ್ಚನ್ನು ಬೆರಳಿಟ್ಟು ತೋರಿಸಿದಳು. ರೊಟ್ಟಿಯ ನಡುವೆ ಮುಳ್ಳಚ್ಚು ಒತ್ತದೆ ನಮ್ಮಲ್ಲಿ ಯಾರೂ ಸುಡುವುದಿಲ್ಲ, ಮತ್ತು ಒಂದು ಮನೆಯ ಅಚ್ಚು ಇನ್ನೊಂದು ಮನೆಯದರಂತೆ ಇರುವುದಿಲ್ಲ. “ಈ ಎಂಟು ಎಸಳಿನ ಹೂವು ನಮ್ಮತ್ತೆ ಕೊಟ್ಟ ಅಚ್ಚು. ಸೋಮವಾರ ನಾನೇ ನಿಮಗೆ ಕೊಟ್ಟ ರೊಟ್ಟಿ. ಯಾರ್ಯಾರ ಮನೆ ಸುತ್ತಿ ಬಂತೋ, ಗುರುವಾರ ನನ್ನ ತಟ್ಟೆಗೇ ಬಂದಿದೆ. ಯಾಕೆ, ನನ್ನ ರೊಟ್ಟಿ ಅಷ್ಟು ಕೆಟ್ಟದಾಗಿತ್ತಾ? ಯಾರಿಗೂ ಬೇಡವಾಯ್ತಾ?”

ಅವಳನ್ನು ಸಮಾಧಾನಪಡಿಸಲು ಉಸ್ತಾ ಆ ಒಣಗಿದ ರೊಟ್ಟಿಯನ್ನು ಅವಳೆದುರೇ, ಆಹಾ ಓಹೋ ಎನ್ನುತ್ತ, ಪೂರ್ತಿ ತಿಂದ.

ಅವಳು ಹೋದ ಮೇಲೆ ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಎದುರಿಗೆ ಹದಿನೈದು ಖಾಲಿ ತಟ್ಟೆ. ಕಪಾಟಿನಲ್ಲಿ ಅವನೇ ಮಾಡಿದ, ಹೋದ ವರ್ಷ ಮಾರಾಟವಾಗದೆ ಉಳಿದ, ನೀಲಿ ಮೆರುಗಿನ ಚಿಕ್ಕ ತಟ್ಟೆಗಳು ಸಾಲಾಗಿ ನಿಂತಿದ್ದವು. ಉಸ್ತಾ ಅವನ್ನೂ ನೋಡಿದ, ಇವನ್ನೂ ನೋಡಿದ. ಮೈ ಜುಮ್ಮೆಂದಿತು. ತಟ್ಟೆ ಖಾಲಿ ಹೋಗಬಾರದು, ಅಷ್ಟೇ ತಾನೆ? ಅದರ ಮೇಲೆ ತಿಂಡಿಯೇ ಇರಬೇಕು ಎಂದು ಯಾರು ಹೇಳಿದರು? ತಟ್ಟೆಯ ಮೇಲೆ ಒಂದು ತಟ್ಟೆ ಇಟ್ಟು ಕಳಿಸಿದರೆ ಅದು ಖಾಲಿ ಹೇಗಾದೀತು! ಇಷ್ಟು ಬೆಲೆಯ ಉಡುಗೊರೆ ಸಿಕ್ಕ ಮೇಲೆ ಯಾರು ತಾನೆ ಮತ್ತೆ ಬಂದಾರು? ಲೆಕ್ಕ ಚುಕ್ತ!

ಭಾನುವಾರ ಹದಿನೈದು ಮನೆಗೂ ಹೊಸ ನೀಲಿ ತಟ್ಟೆ ಹೋಯಿತು. ಅಂದು ಉಸ್ತಾ ಹಾಡು ಗುನುಗುತ್ತ ತಿಗರಿ ತಿರುಗಿಸಿದ.

ಎರಡು ದಿನ ಓಣಿ ಶಾಂತವಾಗಿತ್ತು. ಮೂರನೆಯ ದಿನ, ಬುಧವಾರ ಬೆಳಿಗ್ಗೆ, ಬಾಗಿಲು ತೆಗೆದ ಉಸ್ತಾ ಹಾಗೆಯೇ ಚೌಕಟ್ಟು ಹಿಡಿದು ನಿಂತ. ಈಗ ಒಂದೊಂದು ಮನೆಯಲ್ಲೂ ಅವನಿಗೆ ತುಂಬಿ ಕಳಿಸಬೇಕಾದ ತಟ್ಟೆ ಎರಡೆರಡು ಇದ್ದವಲ್ಲ! ಎರಡನ್ನೂ ತುಂಬಿ ತರುವುದಕ್ಕೆ ತಾಯಂದಿರಿಗೆ ಎರಡು ದಿನ ಹಿಡಿದಿತ್ತು, ಅಷ್ಟೆ.

ಒಬ್ಬ ತಾಯಿ ಮಾತ್ರ ತಟ್ಟೆಗಳನ್ನು ಖಾಲಿಯೇ ತಂದು ಬಾಗಿಲಲ್ಲಿಟ್ಟು, ಅವನ ಮುಖ ನೋಡದೆ ಹೊರಟುಹೋದಳು. ಅದು ಸೆವಾರಾಳ ತಾಯಿ ಅದೋಲತ್. ಹೊಲಿಗೆಯಂಗಡಿಯಲ್ಲಿ ದುಡಿದು ಒಬ್ಬಳೇ ಮನೆ ನಡೆಸುವವಳು. ಉಸ್ತಾ ಅಂದಿನ ಗಡಿಬಿಡಿಯಲ್ಲಿ ಅದರ ಅರ್ಥ ಏನೆಂದು ಯೋಚಿಸಲಿಲ್ಲ.

ಗಡಿಬಿಡಿ ಏನೆಂದರೆ, ಅಷ್ಟರಲ್ಲಿ ಚಹಾದಂಗಡಿಯವನು ಓಣಿಯ ತುದಿಯಿಂದ ಕೂಗಿದ: “ಉಸ್ತಾ! ಜಿಲ್ಲಾ ಕಚೇರಿ ಕಾರು ನಿಮ್ಮ ಬೀದಿಗೆ ತಿರುಗಿತು!”

ಕೆಲಸದ ಕೋಣೆಯಲ್ಲಿ ಮೂವತ್ತು ತಟ್ಟೆ. ಇಪ್ಪತ್ತೆಂಟರ ಮೇಲೆ ಬಿಸಿಬಿಸಿ ತಿಂಡಿ. ನೋಸಿರ್ ಉಸ್ತಾ ಸುತ್ತ ನೋಡಿದ. ತಟ್ಟೆಗಳ ಗಲಾಟೆಯಲ್ಲಿ ಹತ್ತು ದಿನದಿಂದ ಹಚ್ಚದ ಆವಿಗೆ ಬಾಯಿ ತೆರೆದುಕೊಂಡು ಕೂತಿತ್ತು. ಅವನು ಜನ್ಮದಲ್ಲಿ ಅಷ್ಟು ಬೇಗ ಆವಿಗೆ ತುಂಬಿದ್ದಿಲ್ಲ.

ಒಳಗೆ ಶಿಶುವಿಹಾರದಲ್ಲಿ ಮಸ್ತೂರಾ ಮೇಡಂ ಚಿಕ್ಕ ಕುರ್ಚಿಯ ಮೇಲೆ ಕೂತು ನೋಡುತ್ತಿದ್ದರು. ಮಕ್ಕಳು ಇಪ್ಪತ್ತರವರೆಗೆ ಎಣಿಸಿದವು. ಹಾಡು ಹೇಳಿದವು. ಮೊದಲ ದಿನ ಓಡಿಹೋಗಲು ನೋಡಿದ ನಾಲ್ಕೂ ಈಗ ಅತಿಥಿಗೆ ತಮ್ಮ ತಮ್ಮ ಮಂಚ ತೋರಿಸಲು ನೂಕಾಡಿದವು. ಹನೀಫಾಳ ಕೆನ್ನೆ ಹೊಳೆಯುತ್ತಿತ್ತು.

“ಬಹಳ ಚೆನ್ನಾಗಿ ನಡೆಸ್ತಿದ್ದೀರಿ ಅಕ್ಕ,” ಎಂದರು ಮೇಡಂ. “ಹಾಜರಿ ಹದಿನಾಲ್ಕು ಇದೆ. ಒಂದು ಮಗು?”

“ಸೆವಾರಾ ಮೂರು ದಿನದಿಂದ ಬಂದಿಲ್ಲ. ಯಾಕೆ ಅಂತ ಗೊತ್ತಾಗಿಲ್ಲ. ಸಂಜೆ ನಾನೇ ಹೋಗಿ ನೋಡ್ತೀನಿ.”

“ಸರಿ. ಆ ಗೋಡೆ ಆಚೆ ಹೊಗೆಗೂಡು ಕಾಣ್ತಿದೆಯಲ್ಲ, ಏನದು?”

“ನಮ್ಮ ಯಜಮಾನರ ಆವಿಗೆ.”

“ಮಕ್ಕಳಿರೋ ಕಡೆ ಆವಿಗೆನಾ? ಅದನ್ನ ನೋಡ್ಲೇಬೇಕು. ಬಾಗಿಲು ಭದ್ರ ಇದೆಯಾ, ಒಳಗೇನಿದೆ, ಎಲ್ಲಾ ಬರ್ಕೋಬೇಕು.”

ಮೂವತ್ತೈದು ವರ್ಷದ ಕಸುಬಿನ ಬುದ್ಧಿಯನ್ನೆಲ್ಲ ಬಳಸಿ ಉಸ್ತಾ ಆರಿಸಿದ್ದ ಜಾಗ, ಇಡೀ ಮನೆಯಲ್ಲಿ ತಪಾಸಣೆಯವರು ತೆರೆದು ನೋಡಲೇಬೇಕಾದ ಒಂದೇ ಜಾಗ. ಅವರಿಬ್ಬರೂ ಬಂದಾಗ ಅವನು ಆವಿಗೆಯ ಕಬ್ಬಿಣದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

“ಹತ್ರ ಬರಬೇಡಿ ಮೇಡಂ. ಒಳಗೆ ಬೆಂಕಿ ಇದೆ.”

“ಹೊಗೆ ಇಲ್ವಲ್ಲ.”

“ಇದು... ಹೊಗೆ ಬಿಡದ ಬೆಂಕಿ.”

ಮೇಡಂ ಕೈ ಚಾಚಿ ಬಾಗಿಲು ಮುಟ್ಟಿದರು. ಮಂಜುಗಡ್ಡೆಯಂತೆ ತಣ್ಣಗಿತ್ತು. “ಬಿಸಿಯೂ ಬಿಡಲ್ವಾ?” ಎಂದು ಬಾಗಿಲು ಎಳೆದರು.

ಮೊದಲು ವಾಸನೆ ಬಂತು. ಜೀರಿಗೆ, ಹುರಿದ ಈರುಳ್ಳಿ, ಬೆಣ್ಣೆ. ಆಮೇಲೆ ಆವಿ ಬಂತು. ಆಮೇಲೆ ಎಲ್ಲವೂ ಕಂಡಿತು.

“ಏನಿದು ಉಸ್ತಾ?”

“ತಟ್ಟೆ.” (ಸುಳ್ಳಲ್ಲ.)

“ಅದರ ಪಕ್ಕ?”

“ಇನ್ನೊಂದು ತಟ್ಟೆ.” (ಅದೂ ಸುಳ್ಳಲ್ಲ.)

“ಅದರ ಮೇಲೆ?”

ಹನೀಫಾ ಮುಂದೆ ಬಂದು ಒಂದೊಂದೇ ತಟ್ಟೆಯ ಬಟ್ಟೆ ಸರಿಸಿ ನೋಡಿದಳು. ಯಾವ ಅಡುಗೆ ಯಾರ ಮನೆಯದು ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಖಾಲಿಯಾಗಿದ್ದ ಎರಡು ತಟ್ಟೆಗಳ ಮುಂದೆ ಅವಳು ನಿಂತಳು.

“ಈ ದೊಡ್ಡದು ಅದೋಲತ್ ಮನೆದು,” ಎಂದಳು. “ಅವಳಿಗೂ ಎರಡು ತಟ್ಟೆ ಹೊರಿಸಿದ್ರಾ? ಏನು ತುಂಬಿಸ್ತಾಳೆ ರೀ ಅವಳು? ಅದಕ್ಕೇ ಮಗೂನ ಕಳಿಸಿಲ್ಲ.”

ಅವಳು ಕೂಗಾಡಿದ್ದರೆ ಉಸ್ತಾ ತಡೆದುಕೊಳ್ಳುತ್ತಿದ್ದ. ಅವಳು ಕೂಗಾಡಲಿಲ್ಲ. ಮೇಡಂ ಕಡೆ ತಿರುಗಿ, “ತಪ್ಪು ನಮ್ಮನೇದೇ. ಬೋರ್ಡು ನಾನೇ ಇಳಿಸಿಕೊಡ್ತೀನಿ,” ಎಂದು ಹೇಳಿ, ಮೂಲೆಯಲ್ಲಿದ್ದ ಸ್ಟೂಲು ಮತ್ತು ಇಕ್ಕಳ ತೆಗೆದುಕೊಂಡು ಗೇಟಿನ ಕಡೆ ಹೊರಟಳು. ಕಿಟಕಿಯಲ್ಲಿ ಹದಿನಾಲ್ಕು ಮುಖ ಸಾಲಾಗಿ ಅವಳನ್ನೇ ನೋಡುತ್ತಿದ್ದವು.

ಹನ್ನೊಂದು ಮೊಳೆ ಹೊಡೆದದ್ದು ಎಷ್ಟು ಒಳ್ಳೆಯದಾಯಿತು ಎಂದು ಉಸ್ತಾನಿಗೆ ಆಗ ಅನಿಸಿತು. ಅವಳು ಎರಡನೆಯ ಮೊಳೆ ಕೀಳುವಷ್ಟರಲ್ಲಿ ಅವನು ಓಡಿಬಂದು ಸ್ಟೂಲನ್ನು ತಬ್ಬಿ ಹಿಡಿದಿದ್ದ.

“ಇಳೀಬೇಡ ಹನೀಫಾ! ಅಲ್ಲ, ಬೋರ್ಡು ಇಳಿಸ್ಬೇಡ! ಮೇಡಂ, ಅವಳಿಗೆ ಏನೂ ಗೊತ್ತಿಲ್ಲ! ತಿಂಡಿ ಬಂದಿದ್ದು ಶಿಶುವಿಹಾರಕ್ಕಲ್ಲ, ನನಗೆ! ನನ್ನ ಬಾಗಿಲಿಗೆ! ನನಗೂ ಈ ಶಿಶುವಿಹಾರಕ್ಕೂ ಯಾವ ಸಂಬಂಧವೂ ಇಲ್ಲ!”

ಮೇಡಂ ಪೆನ್ನು ತೆಗೆದರು. “ಯಾವ ಸಂಬಂಧವೂ ಇಲ್ವಾ?”

“ಕೂದಲೆಳೆಯಷ್ಟೂ ಇಲ್ಲ!”

“ನೀವು ಇಲ್ಲಿ ಕೆಲಸದವರಲ್ಲ?”

“ಅಲ್ವೇ ಅಲ್ಲ! ನಾನ್ಯಾರೋ, ಅದ್ಯಾವುದೋ! ಅದು ಯಾಕೆ ಶುರುವಾಯ್ತು, ಯಾರು ಶುರು ಮಾಡಿದ್ರು, ಒಂದೂ ನನಗೆ ಗೊತ್ತಿಲ್ಲ! ದಾರೀಲಿ ಹೋಗೋ ಮನುಷ್ಯ ಅಂತ ಬರ್ಕೊಳ್ಳಿ!” ಉಸ್ತಾನಿಗೆ ಹುರುಪು ಏರಿತ್ತು. ಚಹಾದಂಗಡಿಯ ಅರ್ಧ ಜನ ಬೀದಿಯಲ್ಲಿ ನಿಂತು ಕೇಳುತ್ತಿದ್ದರು ಎಂಬುದೂ ಅವನ ಗಮನಕ್ಕೆ ಬರಲಿಲ್ಲ.

ಮೇಡಂ ಎಲ್ಲವನ್ನೂ ಬರೆದುಕೊಂಡರು. ಅವನಿಂದ ಸಹಿ ಹಾಕಿಸಿಕೊಂಡರು. ಓದಿ ನೋಡಿದರು.

“ಹಾಗಾದ್ರೆ ಶಿಶುವಿಹಾರ ಏನೂ ತಗೊಂಡಿಲ್ಲ. ಬೋರ್ಡ್ ಇರಲಿ ಅಕ್ಕ, ಕೆಳಗಿಳೀರಿ.”

ಹನೀಫಾ ಇಳಿದಳು. ಇಕ್ಕಳ ಇನ್ನೂ ಕೈಯಲ್ಲೇ ಇತ್ತು. ಉಸ್ತಾ ಹಣೆಯ ಬೆವರು ಒರೆಸಿಕೊಂಡ. ಗೆದ್ದೆ ಎಂದು ಅವನಿಗೆ ಅನಿಸಿತು.

“ಇನ್ನೊಂದು ವಿಷಯ,” ಎಂದರು ಮೇಡಂ, ಪುಟ ತಿರುಗಿಸುತ್ತ. “ಸಂಬಂಧವಿಲ್ಲದ ಗಂಡಸು ಹಗಲು ಹನ್ನೊಂದು ಗಂಟೆಗೆ ಮಕ್ಕಳಿರೋ ಕಾಂಪೌಂಡಲ್ಲಿ ಏನ್ಮಾಡ್ತಿದ್ದಾನೆ?”

“ಯಾರು?”

“ನೀವು.”

“ಮೇಡಂ, ಇದು ನನ್ನ ಮನೆ!”

“ಸಂಜೆ ಆರರ ಮೇಲೆ ನಿಮ್ಮ ಮನೆ. ಬೆಳಿಗ್ಗೆ ಎಂಟರಿಂದ ಆರರ ತನಕ ಸಂಬಂಧವಿಲ್ಲದವರು ಒಳಗಿರಬಾರ್ದು. ನೀವೇ ಸಹಿ ಹಾಕಿದ್ದೀರಿ.”

ಬೀದಿಯಲ್ಲಿ ಯಾರೋ ಕೆಮ್ಮಿದರು. ಕೆಮ್ಮು ನಗುವಾಯಿತು.

“ಎಲ್ಲಿಗೆ ಹೋಗ್ಲಿ ಮೇಡಂ? ನನ್ನ ತಿಗರಿ? ಆವಿಗೆ?”

“ಆವಿಗೆ ಹಗಲು ಹಚ್ಚಂಗಿಲ್ಲ, ಬಾಗಿಲಿಗೆ ಬೀಗ ಬೇಕು. ಭಾನುವಾರ ಹಚ್ಕೊಳ್ಳಿ. ಇನ್ನು ನೀವು...” ಮೇಡಂ ಹನೀಫಾಳನ್ನು ನೋಡಿದರು. “ಹದಿನೈದು ಮಕ್ಕಳಿಗೆ ಒಬ್ಬರು ಆಯಾ ಇರಲೇಬೇಕು ಅಂತ ನಾನು ಎರಡು ಸಲ ಬರೆದಿದ್ದೀನಿ ಅಕ್ಕ. ಸಂಬಳ ಸರ್ಕಾರದ್ದೇ. ಯಾರೂ ಅರ್ಜಿ ಹಾಕಿಲ್ವಾ?”

“ಇನ್ನೂ ಯಾರೂ ಹಾಕಿಲ್ಲ,” ಎಂದಳು ಹನೀಫಾ ನಿಧಾನವಾಗಿ. ಇಬ್ಬರೂ ಹೆಂಗಸರು ನೋಸಿರ್ ಉಸ್ತಾನನ್ನು ಮೇಲಿಂದ ಕೆಳಗೆ ನೋಡಿದರು.

“ಮತ್ತೆ ಈ ತಟ್ಟೆಗಳು ಇವತ್ತೇ ಅವರವರ ಮನೆಗೆ ಹೋಗ್ಬೇಕು,” ಎಂದರು ಮೇಡಂ.

“ಖಾಲಿನಾ?” ಎಂದಳು ಹನೀಫಾ, ಗಾಬರಿಯಿಂದ.

“ಅಯ್ಯೋ, ನಾನೂ ಈ ಕಡೆಯವಳೇ ಅಕ್ಕ. ಖಾಲಿ ಅಂತ ನಾನೆಲ್ಲಿ ಹೇಳ್ದೆ? ಆದ್ರೆ ತಿನ್ನೋ ವಸ್ತು ಇರಬಾರ್ದು.”

ತಿಂಡಿಯೆಲ್ಲ ಚಹಾದಂಗಡಿಯ ಮುದುಕರ ಪಾಲಾಯಿತು. (ಅವರು ಉಸ್ತಾನನ್ನು ಆ ದಿನ ಮನಸಾರೆ ಹರಸಿದರು.) ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಮಕ್ಕಳ ಕೈಗೆ ಹನೀಫಾ ಕಾಗದ, ಬಣ್ಣದ ಕಡ್ಡಿ ಕೊಟ್ಟು, “ಅಮ್ಮನ ಚಿತ್ರ ಬರೀರಿ,” ಎಂದಳು. ಸಂಜೆ ಆರು ಗಂಟೆಗೆ ಉಸ್ತಾ ಕೈಗಾಡಿಯಲ್ಲಿ ತೊಳೆದ ತಟ್ಟೆಗಳನ್ನು ಇಟ್ಟುಕೊಂಡು ಮನೆಮನೆಗೆ ಹೊರಟ. ಪ್ರತಿ ಮನೆಯ ತಟ್ಟೆಯ ಮೇಲೆ ಒಂದು ಚಿತ್ರ. ಗುಲ್ಚೆಹ್ರಾಳ ಮಗ ಬರೆದ ಅಮ್ಮನಿಗೆ ಏಳು ಬೆರಳಿದ್ದವು, ಏಳರಲ್ಲೂ ಉಂಗುರ ಇತ್ತು. ಅವಳು ಬಾಗಿಲಲ್ಲೇ ನಿಂತು ಅದನ್ನು ಬಹಳ ಹೊತ್ತು ನೋಡಿದಳು.

“ಇದಕ್ಕೆ ಸಮನಾಗಿ ನಾನೇನು ತುಂಬಿಸಿ ಕಳಿಸ್ಲಿ ಉಸ್ತಾ ಮಾವ?” ಎಂದಳು. ಅವಳಿಗೆ ಏನೂ ಹೊಳೆಯಲಿಲ್ಲ. ಯಾರಿಗೂ ಹೊಳೆಯಲಿಲ್ಲ. ತಟ್ಟೆಗಳ ಓಡಾಟ ಅಲ್ಲಿಗೆ ನಿಂತಿತು.

ಅದೋಲತ್ ಮನೆಗೆ ಮಾತ್ರ ಚಿತ್ರವಿರಲಿಲ್ಲ. ಅವಳ ತಟ್ಟೆಯ ಮೇಲೆ ಹನೀಫಾ ಒಂದು ಬಿಳಿ ಹಾಳೆ ಮತ್ತು ಆರು ಬಣ್ಣದ ಕಡ್ಡಿ ಇಟ್ಟಿದ್ದಳು. ಸೆವಾರಾ ಕಡ್ಡಿಗಳನ್ನು ಮೂಸಿ ನೋಡಿ ಗುರುತು ಹಿಡಿದಳು.

“ನಾಳೆ ಟೀಚರ್ ಕಾಯ್ತಿರ್ತಾರೆ,” ಎಂದ ಉಸ್ತಾ. “ತಟ್ಟೆ ಗಿಟ್ಟೆ ಏನೂ ಬೇಡ ಕಣಮ್ಮ. ತಪ್ಪು ನಂದು.” ಅದೋಲತ್ ತಲೆಯಾಡಿಸಿದಳು. ಬಾಗಿಲು ಮುಚ್ಚುವ ಮುಂಚೆ ಅವಳು ನಕ್ಕದ್ದನ್ನು ಉಸ್ತಾ ನೋಡಿದ.

ಮನೆಗೆ ಬಂದಾಗ ಹನೀಫಾ ಮೇಜಿನ ಮುಂದೆ ಕೂತಿದ್ದಳು. ಎದುರಿಗೆ ಕಾಗದ, ಪೆನ್ನು.

“ಅರ್ಜಿ ಬರೀರಿ.”

“ಬಾಯಲ್ಲಿ ಹೇಳಿದ್ರೆ ಆಗಲ್ವಾ? ಎದುರಿಗೇ ಇದ್ದೀಯಲ್ಲ.”

“ಸರ್ಕಾರದ ಕೆಲಸ ಬಾಯಲ್ಲಿ ಆಗಲ್ಲ.”

ಉಸ್ತಾ ನಾಲಿಗೆ ಕಚ್ಚಿಕೊಂಡು ಬರೆದ: “ಶಿಶುವಿಹಾರದ ಮಾನ್ಯ ಮುಖ್ಯಸ್ಥೆಯವರಾದ ಹನೀಫಾ ಅವರ ಸನ್ನಿಧಾನಕ್ಕೆ, ಕುಂಬಾರ ನೋಸಿರ್ ಮಾಡಿಕೊಳ್ಳುವ ವಿನಂತಿ. ಹಗಲು ಹೊತ್ತು ನನ್ನ ಮನೆಯೊಳಗೆ ಇರಲು ಅವಕಾಶವಾಗುವಂತೆ ಆಯಾ ಹುದ್ದೆಯನ್ನು ದಯಪಾಲಿಸಬೇಕು. ಅನುಭವ: ಸ್ವಂತ ಮಕ್ಕಳು ಮೂವರನ್ನು ಬೆಳೆಸಿದ್ದೇನೆ.”

ಹನೀಫಾ ಕೆಂಪು ಪೆನ್ಸಿಲು ಹಿಡಿದು ಓದಿದಳು. ಮೊದಲು “ನನ್ನ” ಎಂಬುದನ್ನು ಹೊಡೆದುಹಾಕಿದಳು. ಆಮೇಲೆ ಅನುಭವದ ಸಾಲಿಗೆ ಬಂದಳು.

“ಮೂವರನ್ನೂ ಬೆಳೆಸಿದ್ದು ಯಾರು?”

“ಇಬ್ರೂ ಅಲ್ವೇನೇ?”

“ದೊಡ್ಡವನು ಯಾವ ತಿಂಗಳು ಹುಟ್ಟಿದ್ದು?”

ಉಸ್ತಾ ಚಪ್ಪರದ ಕಡೆ ನೋಡಿದ. “ಜರ್ದಾಳು ಹಣ್ಣಾಗೋ ಕಾಲ,” ಎಂದ ಹಿಂಜರಿಯುತ್ತ.

ಕೆಂಪು ಪೆನ್ಸಿಲು ಆ ಸಾಲನ್ನೂ ಹೊಡೆಯಿತು. ಅವಳು ಅದರ ಪಕ್ಕ “ಅನುಭವ ಇಲ್ಲ” ಎಂದು ಬರೆದು, ಕೆಳಗೆ ಸಹಿ ಹಾಕಿ, ಸರ್ಕಾರ ಕೊಟ್ಟ ದುಂಡು ಮೊಹರನ್ನು ಬಾಯಿಂದ ಊದಿ ಗಟ್ಟಿಯಾಗಿ ಒತ್ತಿದಳು.

“ಒಂದು ತಿಂಗಳು ಪರೀಕ್ಷೆ ಮೇಲೆ ತಗೋತೀನಿ. ಆಮೇಲೆ ನೋಡೋಣ.”

“ಮೂವತ್ತೊಂದು ವರ್ಷ ಆಯ್ತಲ್ಲೇ ಮದುವೆಯಾಗಿ! ಇನ್ನೂ ಪರೀಕ್ಷೆನಾ?”

“ಅದು ಬರೀ ಹಾಜರಿ,” ಎಂದಳು ಹನೀಫಾ. “ನಾಳೆ ಏಳೂಮುಕ್ಕಾಲಿಗೆ ಬನ್ನಿ. ಗೇಟಿಂದ ಬನ್ನಿ.”

ಮರುದಿನ ಬೆಳಿಗ್ಗೆ ನೋಸಿರ್ ಉಸ್ತಾ ತನ್ನ ಹಾಸಿಗೆಯಿಂದ ಎದ್ದು, ಓಣಿ ಬಾಗಿಲಿನಿಂದ ಹೊರಟು, ಬೀದಿ ಸುತ್ತಿ, ತನ್ನ ಮನೆಯ ಗೇಟಿನ ಮುಂದೆ ಬಂದ. ಅಲ್ಲಿ ಮಕ್ಕಳ ಸಾಲು ನಿಂತಿತ್ತು. ಸೆವಾರಾ ಎಲ್ಲರಿಗಿಂತ ಮೊದಲು ಬಂದಿದ್ದಳು. ಉಸ್ತಾ ಸಾಲಿನ ಕೊನೆಗೆ ನಿಂತ. ಹನೀಫಾ ಬಿಳಿ ಕೋಟು ತೊಟ್ಟು ಒಂದೊಂದೇ ಮಗುವಿನ ಕೈ ತಿರುಗಿಸಿ ಉಗುರು ನೋಡಿ ಒಳಗೆ ಬಿಡುತ್ತಿದ್ದಳು. ಅವಳ ಗಮನವೆಲ್ಲ ಕೈಗಳ ಮೇಲಿತ್ತು, ಮುಖ ನೋಡುತ್ತಿರಲಿಲ್ಲ.

ಉಸ್ತಾನ ಸರದಿ ಬಂತು. ಅವನು ಎರಡೂ ಕೈ ಚಾಚಿದ. ಮೂವತ್ತೈದು ವರ್ಷದ ಜೇಡಿಮಣ್ಣು ಉಗುರಿನ ಸಂದಿಯಲ್ಲಿ ಕೂತಿತ್ತು.

“ಇದೇನು ಮರಿ, ಇಷ್ಟು ಕೊಳೆ!” ಎಂದಳು ಹನೀಫಾ. “ಹೋಗು, ತೊಳ್ಕೊಂಡು ಬಾ.”

ಹೇಳಿದ ಮೇಲೆ ಅವಳು ತಲೆ ಎತ್ತಿ ನೋಡಿದಳು. ಅಷ್ಟರಲ್ಲಿ ನೋಸಿರ್ ಉಸ್ತಾ ನಲ್ಲಿಯ ಕಡೆಗೆ ಓಡಿಯಾಗಿತ್ತು.